ಗಿರಿಜಕ್ಕ ಮತ್ತು ಕಳಂಬೋಲಿ ಬ್ರೀಡು

"ಏಕ್ ಸಾದಾ! ದೋ ಮಸಾಲಾ! ಪಾರ್ಸೆಲ್!"

ಸೀವುಡ್ಸ್‌ನ ನಮ್ಮ ಬಿಲ್ಡಿಂಗಿನ ಹಿಂದಿದ್ದ ಖಾಲಿ ಪ್ಲಾಟಿನಿಂದ ಒಂದು ಬೆಳಗ್ಗೆ ಈ ಕೂಗು ಕೇಳಿದಾಗ, ಇಷ್ಟು ಬೇಗ ಯಾರಪ್ಪಾ ಹೋಟೆಲು ತೆರೆದದ್ದು ಎಂದು ಬಾಲ್ಕನಿಗೆ ಬಂದೆ. ಸ್ಟೇಶನ್ನಿನ ತಲೆಯ ಮೇಲೆ ಈಗಿರುವ ದೊಡ್ಡ ಮಾಲ್ ಏಳುವುದಕ್ಕೆ ಎಷ್ಟೋ ಮೊದಲಿನ ಮಾತು. ಕೆಳಗೆ ಹೋಟೆಲೂ ಇಲ್ಲ, ಗಿರಾಕಿಯೂ ಇಲ್ಲ. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ ತೊಟ್ಟ ಅರುವತ್ತರ ಹೆಂಗಸೊಬ್ಬರು ಓಡುತ್ತಿದ್ದರು. ಅವರ ಪಕ್ಕದಲ್ಲಿ ಒಂದು ಕಿವಿ ಹರಿದ ಬಿಳಿಯ ಬೀದಿನಾಯಿ. "ಪಾರ್ಸೆಲ್!" ಎಂದದ್ದೇ ತಡ, ಅದು ಹಾಲಿನ ಕ್ರೇಟುಗಳ ಮೇಲೆ ಅಡ್ಡ ಇಟ್ಟಿದ್ದ ಪೈಪನ್ನು ಹಾರಿ ಆಚೆ ಇಳಿಯಿತು.

ಅವರೇ ಗಿರಿಜಕ್ಕ. ನಮ್ಮ ಕೆಳಗಿನ ಫ್ಲ್ಯಾಟಿಗೆ ಹೊಸದಾಗಿ ಬಂದವರು. ಉಡುಪಿ ಕಡೆಯವರು, ಕಳಂಬೋಲಿಯ ಲೋಖಂಡ್ ಮಾರ್ಕೆಟ್ಟಿನ, ಅಂದರೆ ಕಬ್ಬಿಣದ ಪೇಟೆಯ, ಹತ್ತಿರ ಗಂಡನ ಜೊತೆ ವೆಜಿಟೇರಿಯನ್ ಹೋಟೆಲು ನಡೆಸಿದವರು. ಗಂಡ ತೀರಿಕೊಂಡ ಮೇಲೆ ಹೋಟೆಲನ್ನು ಮೈದುನನಿಗೆ ಬಿಟ್ಟು, ಅಲ್ಲಿಂದ ಬರುವಾಗ ತಂದದ್ದು ಒಂದಷ್ಟು ಖಾಲಿ ಕ್ರೇಟು, ಎರಡು ನೀಲಿ ಡ್ರಮ್ಮು, ಮತ್ತು ಬೊಳ್ಳ. ತುಳುವಿನಲ್ಲಿ ಬಿಳಿಯ ನಾಯಿಗೆ ಇಡುವ ಮಾಮೂಲಿ ಹೆಸರು ಅದು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಹುಡುಗಿಯ ದನಿ ಪಕ್ಕದ ಬೆಂಚಿಗೂ ಕೇಳಬಾರದು ಎಂದು ಕಲಿಸಿದ ಸಿಸ್ಟರ್‌ಗಳ ಪ್ರಾಡಕ್ಟ್. ಪೋಶ್ಚರ್, ಎಲೊಕ್ಯೂಶನ್, ಪ್ಲೀಸ್, ಥ್ಯಾಂಕ್ ಯೂ. ಆ ಹೆಂಗಸಿನ ದನಿ ಮೊದಲ ವಾರ ನನಗೆ ಸಹಿಸಲಾಗಲಿಲ್ಲ. ಎರಡನೆಯ ವಾರ ಕಾಫಿ ಲೋಟ ಹಿಡಿದು ಪ್ಲಾಟಿನ ಕಟ್ಟೆಯ ಮೇಲೆ ಕೂತಿದ್ದೆ.

"ಎಂತ ನೋಡ್ತೀ ಮಾರಾಯ್ತಿ? ಬಾ, ಓಡು," ಎಂದರು.

"ಇದೆಲ್ಲ ಏನು ಗಿರಿಜಕ್ಕ?"

"ಅಜಿಲಿಟಿ ಅಂತೆ. ಠಾಣೆಯಲ್ಲಿ ನಾದಿನಿ ಮನೆಗೆ ಹೋದವಳು ಮೈದಾನದಲ್ಲಿ ನೋಡಿದೆ. ನಾಯಿ ಹಾರ್ತದೆ, ಕೊಳವೆಯೊಳಗೆ ನುಗ್ತದೆ, ಕೋಲುಗಳ ನಡುವೆ ಹಾವಿನ ಹಾಗೆ ಹೋಗ್ತದೆ. ಒಡೆಯ ಜೊತೆಗೇ ಓಡ್ಬೇಕು. ಇದನ್ನೆಲ್ಲ ಬೊಳ್ಳ ನಮ್ಮ ಹೋಟೆಲಿನ ಹಿಂದೆ ದಿನಾ ಮಾಡ್ತಿದ್ದ, ಪ್ರೈಜ್ ಕೊಡುವವರು ಇರ್ಲಿಲ್ಲ ಅಷ್ಟೆ."

ಅವರ ಕಲಿಸುವ ಕ್ರಮವೇ ಬೇರೆ. ಸಿಟ್, ಜಂಪ್ ಎಂಬ ಮಾತೇ ಇಲ್ಲ. 'ಸಾದಾ' ಎಂದರೆ ತಳ ಕತ್ತರಿಸಿದ ಡ್ರಮ್ಮಿನೊಳಗೆ ನೇರ ನುಗ್ಗಬೇಕು. 'ಮಸಾಲಾ' ಎಂದರೆ ಮರಳು ತುಂಬಿದ ಎಣ್ಣೆ ಡಬ್ಬಿಗಳಲ್ಲಿ ನೆಟ್ಟ ಕೋಲುಗಳ ನಡುವೆ ಅತ್ತ ಇತ್ತ ತಿರುಗಿ ಸಾಗಬೇಕು. 'ಪಾರ್ಸೆಲ್' ಎಂದರೆ ಹಾರಬೇಕು. 'ಬಿಲ್' ಎಂದರೆ ಎಲ್ಲ ಬಿಟ್ಟು ಗಿರಿಜಕ್ಕನ ಕಾಲಬುಡಕ್ಕೆ ಬರಬೇಕು.

"ಅಡುಗೆಮನೆಯಲ್ಲಿ ಕೂತು ಇಷ್ಟು ವರ್ಷ ಈ ಕೂಗು ಕೇಳಿದ್ದೇ ಆಯ್ತು," ಎಂದರು. "ಮುಂದೆ ಗಲ್ಲಾಪೆಟ್ಟಿಗೆಯ ಹತ್ರ ನಮ್ಮವರು, ಹಿಂದೆ ಹಿಟ್ಟಿನ ಹತ್ರ ನಾನು. ಬೊಳ್ಳ ನನಗಿಂತಲೂ ಹಿಂದೆ, ಬಾಗಿಲಿನ ಹೊರಗೆ. ಮುಂದಿನ ಬಾಗಿಲಿಗೆ ಬಂದ್ರೆ ಒದೀತಿದ್ರು. ಒಂದು ಸಲ ನಾವಿಬ್ರೂ ಮುಂದಿನ ಬಾಗಿಲಿನಿಂದ ಒಳಗೆ ಹೋಗ್ಬೇಕು ಅಂತ ನನಗೆ ಉಂಟು. ಈಗ ಕೂಗುವವಳು ನಾನು."

ಸೊಸೈಟಿಯ ಸೆಕ್ರೆಟರಿ ಒಮ್ಮೆ ತಡೆದು, "ಮಾವಶಿ, ಸಕಾಳಿ ಸಕಾಳಿ ಎವಢಾ ಆವಾಜ್ ಕಶಾಲಾ?" ಎಂದ. ಬೆಳಗ್ಗೆ ಇಷ್ಟೊಂದು ಗಲಾಟೆ ಯಾಕೆ ಅಂತ.

"ತುಮ್ಚಾ ಮಿಕ್ಸರ್ ಬಂದ್ ಕರಾ, ಮೀ ಪಣ್ ಬಂದ್ ಕರ್ತೆ," ನೀವು ಮಿಕ್ಸರ್ ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ ಎಂದು ಹೇಳಿ ಗಿರಿಜಕ್ಕ ಓಟ ಮುಂದುವರಿಸಿದರು. ಅವನ ಮನೆಯ ಮಿಕ್ಸರ್ ನಿಲ್ಲಲಿಲ್ಲ, ಇವರೂ ನಿಲ್ಲಿಸಲಿಲ್ಲ.

ಆ ಚಳಿಗಾಲ ತರಕಾರಿ ಟೆಂಪೊ ಒಂದರಲ್ಲಿ ಬೊಳ್ಳನನ್ನು ಕೂರಿಸಿಕೊಂಡು ಠಾಣೆಯ ಸ್ಪರ್ಧೆಗೆ ಹೊರಟೆವು. ಇಂಗ್ಲಿಷ್ ಬೇಕಾದರೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಮೈದಾನದ ತುಂಬ ಶಾಂಪೂ ವಾಸನೆ. ಲ್ಯಾಬ್ರಡಾರ್‌ಗಳು, ಆಲ್ಸೇಶಿಯನ್‌ಗಳು, ಹೇರ್‌ಕ್ಲಿಪ್ ಹಾಕಿದ ಪುಟಾಣಿಗಳು. ಮೇಜಿನ ಹಿಂದೆ ಟೈ ಕಟ್ಟಿದ್ದವನೊಬ್ಬ ಕೇಳಿದ: "ಬ್ರೀಡ್ ಕ್ಯಾ ಹೈ?"

"ಕಳಂಬೋಲಿ."

ಅವನು ಪೆನ್ನು ಎತ್ತಿದ. "ಕಳಂಬೋಲಿ? ಕಿಧರ್ ಕಾ ಬ್ರೀಡ್ ಹೈ ಯೇ?"

"ಲೋಖಂಡ್ ಮಾರ್ಕೆಟ್ ಕಾ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಪೆಡಿಗ್ರಿ ಇಲ್ಲದ ನಾಯಿಗೆ ಪ್ರವೇಶವಿಲ್ಲ ಎಂದು ಟೈಯವನು ಹೇಳಿದ. ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ "ವುಡ್ ಯೂ ಕೈಂಡ್ಲಿ ರೀಕನ್ಸಿಡರ್" ಎಂದೆ. ಅವನು ಅಷ್ಟೇ ಕೈಂಡ್ಲಿ ಆಗಿ ಇಲ್ಲವೆಂದ.

ಗಿರಿಜಕ್ಕ ಜಗಳ ಮಾಡಲಿಲ್ಲ. ಗೇಟಿನ ಹೊರಗೆ ನಿಂತು ಕೊನೆಯ ನಾಯಿ ಓಡಿ ಮುಗಿಯುವ ತನಕ ನೋಡಿದರು. ಮರಳುವಾಗ ಟೆಂಪೊದಲ್ಲಿ, "ಕಟ್ಟಿದ ಟೈ ನೋಡಿದ್ಯಾ? ನಮ್ಮ ಬೊಳ್ಳನ ಬೆಲ್ಟು ಇದಕ್ಕಿಂತ ಚಂದ ಉಂಟು," ಎಂದರು. ಮರುದಿನ ಬೆಳಗ್ಗೆ ಪ್ಲಾಟಿನಲ್ಲಿ ಕೂಗು ಮೊದಲಿಗಿಂತ ಜೋರಾಗಿತ್ತು.

ಮುಂದಿನ ಚಳಿಗಾಲ ಮತ್ತೆ ಹೋದೆವು. ಅದೇ ಮೇಜು, ಅದೇ ಟೈ. ಈ ಸಲ ಗಿರಿಜಕ್ಕ ಸಾಲು ಬಿಟ್ಟು ಕದಲಲಿಲ್ಲ.

"ಅವರ ನಾಯಿಗೆ ಅಪ್ಪನ ಹೆಸರು ಉಂಟು, ಸರಿ," ಎಂದು ನನ್ನ ಕಡೆ ತಿರುಗಿದರು. "ಆ ಹಾರುವ ಕೋಲಿಗೆ ಅಪ್ಪನ ಹೆಸರು ಓದ್ಲಿಕ್ಕೆ ಬರ್ತದಾ ಅಂತ ಕೇಳು ಇವನ ಹತ್ರ. ನಿನ್ನ ಇಂಗ್ಲಿಷಲ್ಲೇ ಕೇಳು. ಪ್ಲೀಸ್ ಗೀಸ್ ಎಲ್ಲ ಬೇಡ."

ಕೇಳಿದೆ. ನನ್ನ ಜೀವನದಲ್ಲಿ ಪ್ಲೀಸ್ ಇಲ್ಲದೆ ಅಷ್ಟು ಗಟ್ಟಿಯಾಗಿ ಆಡಿದ ಮೊದಲ ಇಂಗ್ಲಿಷ್ ವಾಕ್ಯ ಅದೇ ಇರಬೇಕು. ಪಕ್ಕದ ಟೆಂಟಿನಲ್ಲಿ ಚಹಾ ಕುಡಿಯುತ್ತಿದ್ದ ಜಡ್ಜ್, ಪುಣೆ ಕಡೆಯ ಗಿಡ್ಡ ಕೂದಲಿನ ಹೆಂಗಸು, ಎದ್ದು ಬಂದರು. ಬೊಳ್ಳನನ್ನು ನೋಡಿದರು, ಗಿರಿಜಕ್ಕನ ಶೂ ನೋಡಿದರು. ಓಟದ ಆಟಕ್ಕೆ ಬ್ರೀಡ್ ಯಾಕೆ ಬೇಕು, ಎಲ್ಲರದ್ದೂ ಮುಗಿದ ಮೇಲೆ ಸುಮ್ಮನೆ ಒಂದು ಸಲ ಓಡಿಸಲಿ ಎಂದರು.

"ಮೆಹರ್ಬಾನಿ ನಹೀ ಚಾಹಿಯೆ," ಎಂದರು ಗಿರಿಜಕ್ಕ. "ನಂಬರ್ ದೋ." ದಯೆ ಬೇಡ, ಎಲ್ಲರ ಹಾಗೆ ನಂಬರು ಕೊಡಿ ಅಂತ.

ಜಡ್ಜ್ ಜೋರಾಗಿ ನಕ್ಕು, ನಂಬರು ಬರೆದ ಚೀಟಿಯನ್ನು ತಾವೇ ಗಿರಿಜಕ್ಕನ ಸೆರಗಿಗೆ ಪಿನ್ ಮಾಡಿದರು.

ಬೊಳ್ಳ ಹೇಗೆ ಓಡಿದ! ಮೊದಲ ಕೋಲು, ಎರಡನೆಯದು, ಕೊಳವೆ, ಮತ್ತೆ ಕೋಲು. ಕಳೆದ ವರ್ಷ ನಕ್ಕವರೇ ರಿಂಗಿನ ಸುತ್ತ ಕಟ್ಟಿದ್ದ ಹಗ್ಗದ ಹತ್ತಿರ ಬಂದು ನೋಡತೊಡಗಿದರು. ಆಗಲೇ ರಿಂಗಿನ ಆಚೆ ಇಡ್ಲಿ ದೋಸೆ ಸ್ಟಾಲು ಹಾಕಿದ್ದ ನಮ್ಮೂರಿನವನೊಬ್ಬ, ಆಸಾಮಿಗೆ ಏನು ಗೊತ್ತು ಪಾಪ, ಒಳಗಿನ ಭಟ್ಟರಿಗೆ ಕೂಗಿದ: "ದೋ ಮಸಾಲಾ! ಏಕ್ ಸಾದಾ! ಪಾರ್ಸೆಲ್!"

ಬೊಳ್ಳನ ಹರಿದ ಕಿವಿ ನೆಟ್ಟಗಾಯಿತು. ಹಗ್ಗದ ಕೆಳಗೆ ನುಸುಳಿ ಸ್ಟಾಲಿಗೆ ಓಡಿದ. ಕ್ಯೂನಲ್ಲಿ ನಿಂತವರ ಕಾಲುಗಳ ನಡುವೆ ಅತ್ತ ಇತ್ತ ತಿರುಗಿದ, ಉದ್ದದ ಮೇಜಿನ ಕೆಳಗೆ ನೇರವಾಗಿ ನುಗ್ಗಿದ, ಆಚೆ ಬದಿಯ ಬೆಂಚನ್ನು ಸ್ವಚ್ಛವಾಗಿ ಹಾರಿದ. ಹೇಳಿದ ಆರ್ಡರನ್ನು ಒಂದಕ್ಷರ ತಪ್ಪದೆ ಮುಗಿಸಿದ್ದ. ಒಬ್ಬರ ಸೀರೆಯ ಮೇಲೆ ಸಾಂಬಾರು.

"ಬಿಲ್!" ಎಂದು ಗಿರಿಜಕ್ಕ ಕೂಗಿದರು. ಠಾಣೆಯ ಕೆರೆಯ ಆಚೆ ದಡಕ್ಕೂ ಕೇಳಿರಬೇಕು. ಬೊಳ್ಳ ಅಷ್ಟೇ ವೇಗದಲ್ಲಿ ಅವರ ಕಾಲಬುಡಕ್ಕೆ ಬಂದ.

ಸೀಟಿ ಊದಿಯಾಗಿತ್ತು. ಟೈಯವನು ಕೈಬೀಸುತ್ತ, "ಆಂಟಿ, ಬಾಹರ್! ಎಲಿಮಿನೇಟ್!" ಎನ್ನುತ್ತಿದ್ದ. ಗಿರಿಜಕ್ಕ ಅವನ ಕಡೆ ನೋಡಲೂ ಇಲ್ಲ. ಓಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು ಮಾಡಿ, ಸೀರೆ ಎತ್ತಿ ಹಿಡಿದು, ಉಳಿದ ಅಡ್ಡಿಗಳನ್ನೆಲ್ಲ ಕೂಗಿ ಕೂಗಿ ಮುಗಿಸಿದರು. ಕೊನೆಯ ಕೋಲಿನ ಹತ್ತಿರ ಜನ ಸಿಳ್ಳೆ ಹಾಕುತ್ತಿದ್ದರು. ನಾನೂ ಹಾಕಿದೆ. ಸಿಸ್ಟರ್‌ಗಳು ಕ್ಷಮಿಸಲಿ.

ಬೋರ್ಡಿನ ಮೇಲೆ ಬೊಳ್ಳನ ಹೆಸರಿನ ಎದುರು ಎಲಿಮಿನೇಟೆಡ್ ಎಂದು ಬರೆದದ್ದನ್ನು ನೋಡಿ ನಾನು ಕಣ್ಣೊರೆಸಿಕೊಂಡೆ. ಗಿರಿಜಕ್ಕನ ಮುಖ ಮಾತ್ರ ಮದುವೆಮನೆಯ ಹಾಗೆ.

"ಅಳ್ತೀ ಎಂತಕ್ಕೆ? ಹೊರಗೆ ಹಾಕಿದ್ರು ಅಂತ ಬರೀಬೇಕಾದ್ರೆ, ಒಳಗೆ ಬಂದಿದ್ದ ಅಂತ ಒಪ್ಪಬೇಕಲ್ವಾ? ಕಳೆದ ವರ್ಷ ಬರ್ದಿದ್ರಾ?"

ಮುಂದಿನ ವರ್ಷಗಳಲ್ಲಿ ಬೊಳ್ಳ ಗೆದ್ದನೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಇಲ್ಲ. ಓಡಿದ. ಪ್ರತಿ ಚಳಿಗಾಲ, ನಂಬರು ಹಚ್ಚಿಕೊಂಡು, ಮುಂದಿನ ಗೇಟಿನಿಂದಲೇ. ಆಮೇಲೆ ಅವನಿಗೆ ವಯಸ್ಸಾಯಿತು, ಒಂದು ಮಧ್ಯಾಹ್ನ ಗಿರಿಜಕ್ಕನ ಬಾಲ್ಕನಿಯಲ್ಲಿ ಮಲಗಿದವನು ಏಳಲಿಲ್ಲ. ಪ್ಲಾಟಿಗೆ ತಗಡಿನ ಬೇಲಿ ಬಂತು, ನಾನು ಮಗಳ ಹತ್ತಿರ ಇರೋಣವೆಂದು ಠಾಣೆಗೆ ಬಂದೆ. ಗಿರಿಜಕ್ಕನೂ ಈಗಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಅದೇ ಮೈದಾನದಲ್ಲಿ. ಮೊಣಕಾಲು ಕೈಕೊಟ್ಟಿತ್ತು. ಓಡಿಸಲು ನಾಯಿ ಇಲ್ಲದಿದ್ದರೂ ಸೀವುಡ್ಸ್‌ನಿಂದ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ರಿಂಗಿನಲ್ಲಿ ಡೊಂಬಿವಲಿಯ ಹುಡುಗಿಯೊಬ್ಬಳ ಕಂದು ಬೀದಿನಾಯಿ ಓಡುತ್ತಿತ್ತು. ಬ್ರೀಡ್ ಯಾವುದೆಂದು ಯಾರೂ ಕೇಳಿರಲಿಲ್ಲ. ಗಿರಿಜಕ್ಕ ಹಗ್ಗದ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಬ್ಯಾಜ್ ಹಾಕಿದ ತರುಣನೊಬ್ಬ ಬಗ್ಗಿ ಹೇಳಿದ: "ಆಂಟಿ, ಪ್ಲೀಸ್, ರೋಪ್ ಕೆ ಪೀಛೆ."

"ಪೀಛೆ ಬಹುತ್ ಬೈಠೀ ಬೇಟಾ," ಎಂದರು. "ಅಬ್ ನಹೀ." ಹಿಂದೆ ಕೂತದ್ದು ಸಾಕಷ್ಟಾಯಿತು, ಇನ್ನಿಲ್ಲ ಅಂತ.

ಮಗಳ ಕಾರು ಕಾಯುತ್ತಿತ್ತು, ನಾನು ಹೊರಟೆ. ಗೇಟಿನಿಂದ ತಿರುಗಿ ನೋಡಿದಾಗ ಆ ಹುಡುಗ ಇನ್ನೊಬ್ಬನನ್ನು ಕರೆತರುತ್ತಿದ್ದ. ಗಿರಿಜಕ್ಕ ಅವರಿಬ್ಬರನ್ನೂ ಒಮ್ಮೆ ನೋಡಿ, ಅರ್ಧ ಎದ್ದು, ಕುರ್ಚಿಯನ್ನು ಎರಡು ಕೈಯಲ್ಲೂ ಹಿಡಿದು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಕೂತರು.