ಎಲೆಬುಟ್ಟಿಗೆ ಅರಗಿನ ಮುದ್ರೆ

ಮುಂಜಾನೆ ಒಂಬತ್ತೂಮುಕ್ಕಾಲಾದರೆ ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತವೆ. ಸರಕಾರವು ನನಗೆ ಪೆನ್ಶನ್ನು ದಯಪಾಲಿಸಿತೇ ಹೊರತು, ಆ ಆಜ್ಞೆಯ ಪ್ರತಿ ಈ ಪಾದದ್ವಯಕ್ಕೆ ಇನ್ನೂ ತಲುಪಿದಂತಿಲ್ಲ. ಹಾನಗಲ್ಲು, ಶಿಗ್ಗಾವಿಗಳಲ್ಲಿ ಪೋಸ್ಟ್ ಮಾಸ್ತರಿಕೆ ಮಾಡಿ, ಸವಣೂರಿನಲ್ಲಿ ಮುಗಿಸಿ, ಅಲ್ಲಿಯೇ ನೆಲೆನಿಂತ ನಾನು, ನಿವೃತ್ತಿಯ ಮೊದಲ ತಿಂಗಳೆಲ್ಲ ಹೊಸ್ತಿಲವರೆಗೆ ಹೋಗಿ ಚಪ್ಪಲಿ ಮೆಟ್ಟಿ, ಮತ್ತೆ ಕಳಚಿಟ್ಟು ಒಳಗೆ ಬರುತ್ತಿದ್ದೆ. ನಿಮಗೆ ನಗು ಬಂದರೆ ನಗಿರಿ. ನನ್ನ ಹೆಂಡತಿಯೂ ನಕ್ಕಿದ್ದಾಳೆ.

ನನಗೆ ಬೇಕಾಗಿದ್ದುದು ಕುರ್ಚಿಯಲ್ಲ. ಯಲವಿಗಿ ಸ್ಟೇಶನ್ನಿನಿಂದ ಟಪಾಲಿನ ಟಾಂಗಾ ಬಂದು, ನಾನು ಚೀಲದ ಅರಗು ಒಡೆಯುವಾಗ ಕಿಟಕಿಯಾಚೆ ನಿಂತಿರುತ್ತಿದ್ದ ಮುಖಗಳು ಬೇಕಾಗಿದ್ದವು. ಅವರು ಕಾಯುತ್ತಿದ್ದುದು ಕಾಗದಕ್ಕೆ, ನನಗಲ್ಲ ಎಂಬುದು ಗೊತ್ತಿತ್ತು. ಆದರೂ ಆಯುಷ್ಯವೆಲ್ಲ ಪರರ ಪ್ರತೀಕ್ಷೆಯೆದುರು ಕುಳಿತವನಿಗೆ ಯಾರೂ ಕಾಯದ ಮುಂಜಾವು ಬಹಳ ದೊಡ್ಡದಾಗಿರುತ್ತದೆ. ಅದರಲ್ಲಿಯೂ ಗಂಗವ್ವನ ಮುಖ. ಅವಳ ಮಗ ಯುದ್ಧಕ್ಕೆ ಹೋದವನು, ವರ್ಷದಿಂದ ಕಾಗದವಿಲ್ಲ. ದಿನಾ ಬರುತ್ತಿದ್ದ ಅವಳಿಗೆ "ಇವತ್ತ ಇಲ್ಲವ್ವ" ಎನ್ನುತ್ತಲೇ ನನ್ನ ನೌಕರಿ ಮುಗಿಯಿತು. "ಬಂದೈತಿ" ಎನ್ನುವ ಭಾಗ್ಯ ಬರಲಿಲ್ಲ.

ಕೊನೆಗೆ ಪೋಸ್ಟಿನ ಓಣಿಯಲ್ಲಿಯೇ ಒಂದು ಎಲೆಯಂಗಡಿ ಇಟ್ಟೆ. ಸವಣೂರಿನ ವೀಳ್ಯದೆಲೆಗೆ ನಾಲ್ಕು ತಾಲೂಕಿನಲ್ಲಿ ಹೆಸರಿದೆ. ಅದರ ಆಶ್ರಯದಲ್ಲಿ ನನ್ನದೂ ಒಂದಿಷ್ಟು ಬೆಳಗೀತೆಂಬ ಆಸೆ. ಮೊದಲ ದೊಡ್ಡ ಬೇಡಿಕೆ ಹಿರೇಕೆರೂರಿನ ಪರಿಚಯಸ್ಥರೊಬ್ಬರ ಮನೆಯ ಮದುವೆಗೆ. ನಾನು ಜೀವಮಾನದ ಶಿಸ್ತನ್ನೆಲ್ಲ ಆ ಬುಟ್ಟಿಯ ಮೇಲೆ ಸುರಿದೆ. ಎಲೆಗಳನ್ನು ಒತ್ತಾಗಿ ಜೋಡಿಸಿ, ದಪ್ಪ ಅರಿವೆಯಲ್ಲಿ ಹೊಲಿದು, ಹೊಲಿಗೆಯುದ್ದಕ್ಕೂ ಅರಗಿನ ಮುದ್ರೆ ಒತ್ತಿದೆ. ಅರಗು ಕರಗುವ ವಾಸನೆಗೆ ಮನಸ್ಸು ಅರಳಿತೆಂದು ಒಪ್ಪಿಕೊಳ್ಳುತ್ತೇನೆ. ಅತ್ತ ಮದುವೆಮನೆಯವರು, ನಾಲ್ಕು ದಿನ ಮೊದಲೇ ತಲುಪಿದ ಬುಟ್ಟಿಯ ಮುದ್ರೆ ನೋಡಿ, ಇದೇನೋ ಸರಕಾರಿ ವಸ್ತುವೆಂದು ಬೆದರಿ, ಲಗ್ನಪತ್ರಿಕೆ ಹಂಚಲು ಹೋದ ಯಜಮಾನರು ಬರುವವರೆಗೆ ದೇವರ ಮನೆಯಲ್ಲಿ ಭಕ್ತಿಯಿಂದ ಇಟ್ಟಿದ್ದರಂತೆ. ಮದುವೆಯ ಮುಂಜಾನೆ ಬಿಚ್ಚಿದಾಗ ಎಲೆಗಳೆಲ್ಲ ಬೆಂದು ಕಪ್ಪಾಗಿದ್ದವು. ಯಜಮಾನರು ಬರಿಯ ಬುಟ್ಟಿಯನ್ನು ಮೋಟಾರಿನಲ್ಲಿ ತಿರುಗಿ ಕಳಿಸಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಂಗಡಿ ಮುಚ್ಚಿಬಿಡುವುದೆಂದು ನಿಶ್ಚಯಿಸಿದೆ.

ನನಗೆ ಎಲೆ ಕೊಡುತ್ತಿದ್ದ ತೋಟದ ಬಾಬಾಸಾಬ ಇದನ್ನು ಕೇಳಿ ಬಂದು, ಅಂಗಡಿಯ ಕಟ್ಟೆಯ ಮೇಲೆ ಕುಳಿತ.

"ಮಾಸ್ತರ, ಕಾಗದಾ ಕಟ್ಟಿಟ್ರ ಹಂಗ ಇರತೈತಿ. ಎಲಿ ಉಸುರಾಡತೈತ್ರಿ. ದಿನಾ ಬಿಚ್ಚಬೇಕು, ಕೊಳತದ್ದು ತಗೀಬೇಕು, ಮ್ಯಾಲಿಂದು ಕೆಳಗ ಹೊಳ್ಳಿಸಿ ನೀರು ಚಿಮುಕಿಸಬೇಕು. ಒಂದಿನ ನೀವು ಬರಲಿಲ್ಲಂದ್ರ ಕೆಟ್ಟಹೋಗತಾವು."

ಒಂದು ದಿನ ನಾನು ಬಾರದಿದ್ದರೆ ಕೆಡುವಂಥದು ಈ ಲೋಕದಲ್ಲಿ ಇನ್ನೂ ಏನೋ ಇದೆ ಎಂಬ ಮಾತು ನನಗೆ ಹೊಸ ನೌಕರಿಯ ನೇಮಣೂಕಿಯ ಹುಕುಮಿನಷ್ಟೇ ಹಿತವಾಯಿತು. ಅಂಗಡಿ ಉಳಿಯಿತು. ಗಂಗವ್ವ ಪೋಸ್ಟಿನಿಂದ ಬರಿಗೈಯಲ್ಲಿ ಬಂದು ನನ್ನಲ್ಲಿ ಎಲೆ ಕೊಳ್ಳುವಳು. ಇಲ್ಲಿ ಅವಳಿಗೆ "ಇಲ್ಲ" ಎನ್ನಬೇಕಾಗಿರಲಿಲ್ಲ. ಆದರೂ ಎಲೆ ಮಡಿಚುತ್ತ ಅವಳು ಪೋಸ್ಟಿನ ಆ ಕಿಟಕಿಯತ್ತ ನೋಡುವಳು, ನಾನೂ ನೋಡುವೆನು.

ಒಂದು ದಿನ ತೋಟಕ್ಕೆ ಹೋಗಿ ಎಲೆ ತರುವಷ್ಟರಲ್ಲಿ ಹನ್ನೊಂದು ದಾಟಿತ್ತು. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಗಂಗವ್ವ ಕುಳಿತಿದ್ದಳು, ಕೈಯಲ್ಲಿ ಒಡೆಯದ ಲಕೋಟೆ.

"ಹೊಸಾ ಮಾಸ್ತರು ಓದತೇನಿ ಅಂದ್ರು, ನಾನ ಬ್ಯಾಡ ಅಂದೆ. ಇಷ್ಟ ದಿನಾ ಇಲ್ಲ ಅಂದವರು ನೀವು, ನೀವ ಓದ್ರಿ. ಆಗಿಂದ ನಿಮ್ಮ ದಾರಿ ಕಾಯಾಕತ್ತೇನಿ."

ಒದ್ದೆ ಕೈಗಳನ್ನು ಧೋತರಕ್ಕೆ ಮೂರು ಸಲ ಒರೆಸಿಕೊಂಡೆ. ಲಕೋಟೆ ಒಡೆದೆ. ಅಕ್ಷರ ಅವಳ ಮಗನವೇ, ಮೊದಲ ಸಾಲಿನಲ್ಲಿಯೇ ಕ್ಷೇಮಸಮಾಚಾರ. "ಬಂದೈತವ್ವ, ಆರಾಮ ಅದಾನ" ಎಂದೆ. ಮುಂದಿನದನ್ನು ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಅಂದು ಎಲೆಗಳಿಗೆ ನೀರು ತಡವಾಯಿತು.

ಈಗಲೂ ಒಂಬತ್ತೂಮುಕ್ಕಾಲಿಗೆ ಕಾಲುಗಳು ಚಪ್ಪಲಿ ಹುಡುಕುತ್ತವೆ; ನಾನು ತಡೆಯುವುದಿಲ್ಲ. ಪೋಸ್ಟಿನ ಮೆಟ್ಟಿಲ ಮುಂದೆ ಅವು ಒಂದು ಗಳಿಗೆ ನಿಧಾನಿಸುತ್ತವೆ. ಆಮೇಲೆ, ಎಲೆ ಬಿಚ್ಚುವ ಹೊತ್ತಾಯಿತೆಂದು ನೆನಪಾಗಿ, ಮುಂದೆ ನಡೆಯುತ್ತವೆ.