ಭಾವನ ನಾಲ್ಕನೆಯ ಗೇರು

ನಮ್ಮ ಭಾವನ ಕಾರು ಹೆದ್ದಾರಿಯಲ್ಲಿ ಹೊರಡಿಸುತ್ತಿದ್ದ ಸದ್ದನ್ನು ನಾನು ಒಂದು ಚೂರೂ ಉಪ್ಪುಖಾರ ಹಚ್ಚದೆ ಹೇಳುತ್ತೇನೆ. ಅದು ಹಾದುಹೋದ ದಿನ ಇಕ್ಕೆಲದ ತೋಟಗಳಲ್ಲಿ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿದ್ದವು. ಎದುರಿಗೆ ಬರುವ ಲಾರಿಯವರು ತಮ್ಮದೇ ಎಂಜಿನ್ ಕೆಟ್ಟಿತೆಂದು ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ ನೋಡುತ್ತಿದ್ದರು. ತಪ್ಪು ಎಂಜಿನ್ನಿನದಲ್ಲ. ಗೇರು ತಾನಾಗಿಯೇ ಬದಲಾಗುವ ಹಳೆಯ ಕಾಲದ ಕಾರು ಅದು, ಇದ್ದದ್ದು ಮೂರೇ ಗೇರು. ಮೂರನೆಯದನ್ನು ಮುಟ್ಟಿದ ಮೇಲೆ ಹೋಗಲು ಬೇರೆ ಜಾಗವಿಲ್ಲದೆ ಎಂಜಿನ್ ಅಲ್ಲೇ ನಿಂತು ಬೊಬ್ಬೆ ಹೊಡೆಯುತ್ತಿತ್ತು.

ಭಾವ ತಕ್ಕಡಿ ರಿಪೇರಿಯವರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅಂಗಡಿ, ಗೋಡೆ ತುಂಬ ನೇತಾಡುವ ತಟ್ಟೆಗಳು, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು. ಅವರು ಸರಿಮಾಡಿದ ತಕ್ಕಡಿಯ ಮೇಲೆ ನೊಣ ಕೂತರೂ ಮುಳ್ಳು ಅಲ್ಲಾಡುತ್ತದೆ. ಆ ನೊಣ ಉಂಡು ಬಂದಿದೆಯೋ ಹಸಿದು ಬಂದಿದೆಯೋ ಎಂಬುದೂ ತಿಳಿಯುತ್ತದೆ.

ನಮ್ಮಕ್ಕ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ವಾರದ ಆರು ದಿನ ಅವಳ ತುಟಿಗಳ ನಡುವೆ ಗುಂಡುಸೂಜಿಗಳಿರುವುದರಿಂದ ಮಾತಿಗೆ ದಾರಿಯಿಲ್ಲ. ಆರು ದಿನದ ಮಾತನ್ನೆಲ್ಲ ಮಡಿಸಿಟ್ಟುಕೊಂಡು, ಭಾನುವಾರ ತಂಗಿಯ ಮನೆಗೆ ಹೋಗುವ ಒಂದೂವರೆ ಗಂಟೆಯ ದಾರಿಯಲ್ಲಿ ಬಿಚ್ಚುವುದು ಅವಳ ರೂಢಿ. ಆಗಲೇ ಮೂರನೆಯ ಗೇರೂ ಬಾಯಿ ಬಿಚ್ಚುತ್ತಿತ್ತು. ಭಾವನಿಗೆ ಅವಳ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಒಂದಕ್ಷರ ಕೇಳಿಸುತ್ತಿರಲಿಲ್ಲ. ಮರ್ಯಾದಸ್ಥ ಮನುಷ್ಯ, ತುಟಿ ನಿಂತಾಗಲೆಲ್ಲ "ಹೂಂ" ಎನ್ನುತ್ತಿದ್ದರು. ಹೀಗೆ ಮೂವತ್ತೊಂದು ವರ್ಷ.

ಒಂದು ಭಾನುವಾರ ಮನೆಗೆ ಬಂದು ಇಳಿದ ಅಕ್ಕ, ಕಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ದಢಾರೆಂದು ಹಾಕಿದ್ದರೆ ಭಾವ ಹೆದರುತ್ತಿರಲಿಲ್ಲ.

"ಇನ್ಮೇಲೆ ನಾನು ಬಸ್ಸಲ್ಲಿ ಹೋಗ್ತೀನಿ ಕಣ್ರೀ. ಅಲ್ಲಿ ಪಕ್ಕದಲ್ಲಿ ಯಾರೇ ಕೂತ್ರೂ ನಿಮಗಿಂತ ಚೆನ್ನಾಗಿ ಕೇಳಿಸ್ಕೋತಾರೆ."

ಮೂರು ಭಾನುವಾರ ಬಸ್ಸಿನಲ್ಲೇ ಹೋದಳು. ಪ್ರತಿ ಸಲ ಇಳಿಯುವಾಗ ಅರ್ಧ ಬಸ್ಸು ಅವಳಿಗೆ ಕೈಬೀಸುತ್ತಿತ್ತು. ಭಾವ ಒಬ್ಬರೇ ಕಾರು ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದು, ನಮ್ಮ ಮನೆಯ ಮೆಟ್ಟಿಲ ಮೇಲೆ ಕುಸಿದರು.

"ಖಾಲಿ ಸೀಟಿಗೆ ಎರಡು ಸಲ ಹೂಂ ಅಂದೆ ಕಣೋ."

ಮರುದಿನವೇ ಹಳೆ ಗಾಡಿಗಳ ಗುಜರಿಗೆ ಹೋಗಿ, ಅದೇ ಕಂಪನಿಯ ಹೊಸ ಮಾದರಿಯ ಗೇರ್‌ಬಾಕ್ಸ್ ಹೊತ್ತು ತಂದರು. ಅದಕ್ಕೆ ನಾಲ್ಕು ಗೇರು. ನಾಲ್ಕನೆಯದು ಓವರ್‌ಡ್ರೈವ್, ಅಂದರೆ ಚಕ್ರ ಅದೇ ವೇಗದಲ್ಲಿ ಓಡುತ್ತಿದ್ದರೂ ಎಂಜಿನ್ ಮಾತ್ರ ಕಾಲು ಚಾಚಿಕೊಂಡು ನಿಧಾನಕ್ಕೆ ತಿರುಗುತ್ತದೆ.

"ಮುಂದಿನ ಭಾನುವಾರ ಎಂಟು ಗಂಟೆಗೆ ಗಾಡಿ ಸದ್ದಿಲ್ಲದೆ ಬಾಗಿಲಿಗೆ ಬಂದ್ರೆ ಕೂತ್ಕೋತೀಯಾ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಇದೊಂದು ಸಲ. ಎಂಟೂ ಕಾಲಿಗೆ ಬಸ್ಸಿದೆ, ನೆನಪಿರಲಿ."

ಹಳೆಯ ಗೇರ್‌ಬಾಕ್ಸ್ ಇಳಿಸಲು ಎರಡು ದಿನ ಹಿಡಿಯಿತು. ಅದರೊಳಗಿಂದ ಸುರಿದ ಎಣ್ಣೆ ಎಷ್ಟು ಕಪ್ಪಗಿತ್ತೆಂದರೆ ಹಗಲು ಹನ್ನೆರಡಕ್ಕೆ ಭಾವನ ಮನೆಯ ಹಿಂದಿನ ಶೆಡ್ಡಿನಲ್ಲಿ ದೀಪ ಹಾಕಬೇಕಾಯಿತು. ಹೊಸದನ್ನು ಏರಿಸುವ ಮುನ್ನ ಅದರ ಮೂತಿಗೆ, ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಕುಂಬಳಕಾಯಿಯಂಥ ಕನ್ವರ್ಟರ್ ಕೂರಿಸಬೇಕು. ತಿರುಗಿಸುತ್ತ ಒತ್ತಿದರೆ ಮೂರು ಸಲ ಟಕ್ ಎನ್ನಬೇಕು, ಎರಡಕ್ಕೇ ನಿಲ್ಲಿಸಿದರೆ ಒಳಗಿನ ಪಂಪು ಪುಡಿ. ಭಾವ ಕಿವಿಯಾನಿಸಿ ಕೂತರು. ಮೂರನೆಯ ಟಕ್ ಕೇಳಿದಾಗ ಅವರ ಮುಖ, ಮಗುವಿನ ಮೊದಲ ಅಳು ಕೇಳಿದವರ ಮುಖದಂತಾಯಿತು. ಗೇರ್‌ಬಾಕ್ಸನ್ನು ಮೇಲೆತ್ತುವಾಗ ಕೆಳಗೆ ಮಲಗಿ ಕಾಲುಗಳಿಂದ ಆನಿಸಿದವನು ನಾನು. ಅಂದಿನಿಂದ ನಾನು ಎರಡಂಗುಲ ಗಿಡ್ಡ.

ಹೊಸ ಗೇರ್‌ಬಾಕ್ಸ್ ಹಳೆಯದಕ್ಕಿಂತ ಉದ್ದ. ಆದ್ದರಿಂದ ಅದರ ಬಾಲದಿಂದ ಹಿಂದಿನ ಚಕ್ರಗಳವರೆಗೆ ತಿರುಗುವ ಉದ್ದನೆಯ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕು. ಭಾವ ತಮ್ಮ ಸ್ಟೀಲ್ ಟೇಪಿಗಾಗಿ ಅಂಗಡಿ, ಮನೆ ಎಲ್ಲ ಹುಡುಕಿದರು. ಅದು ಏಳು ವರ್ಷದಿಂದ ನಮ್ಮ ಮನೆಯಲ್ಲಿತ್ತು. ಹೇಗೆ ಬಂತೆಂದು ದಯವಿಟ್ಟು ಕೇಳಬೇಡಿ. ನಾನು ಬಾಯಿ ಬಿಡಬೇಕೆನ್ನುವಷ್ಟರಲ್ಲಿ ಅವರು ಅಕ್ಕನ ಹೊಲಿಗೆ ಟೇಪು ತಂದು ಕಾರಿನಡಿ ನುಗ್ಗಿ, "ನಲವತ್ತೊಂಬತ್ತು ಇಂಚು" ಎಂದು ಕೂಗಿಯಾಗಿತ್ತು. ಮೂರು ಸಲ ಅಳೆದರು. ಮೂರು ಸಲವೂ ನಲವತ್ತೊಂಬತ್ತೇ. ತಕ್ಕಡಿಯವರ ಲೆಕ್ಕ, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಶನಿವಾರ ಮಧ್ಯಾಹ್ನ, ಆ ಅಳತೆಗೆ ಕತ್ತರಿಸಿದ ಶಾಫ್ಟು ಲೇತ್ ಅಂಗಡಿಯಿಂದ ಬಂತು. ಕೂರಲಿಲ್ಲ. ಒಂದು ತುದಿ ಸೇರಿಸಿದರೆ ಇನ್ನೊಂದು ತುದಿ ಹೊರಗೆ. ಭಾವ ತಳ್ಳಿದರು, ಬೈದರು, ಕೊನೆಗೆ ಮುದ್ದು ಮಾಡಿಯೂ ನೋಡಿದರು.

ಗದ್ದಲ ಕೇಳಿ ಅಕ್ಕ ಶೆಡ್ಡಿಗೆ ಬಂದಳು. "ಯಾವುದರಲ್ಲಿ ಅಳೆದ್ರಿ?"

ಭಾವ ಕಾರಿನಡಿಯಿಂದ ಟೇಪು ಹಿಡಿದ ಕೈ ಮಾತ್ರ ಹೊರಗೆ ಚಾಚಿದರು.

"ಅಯ್ಯೋ ದೇವರೇ. ಅದಕ್ಕೆ ಮೊದಲನೇ ಎರಡಿಂಚೇ ಇಲ್ಲ ಕಣ್ರೀ. ಇಸ್ತ್ರಿ ತಾಗಿ ಸುಟ್ಟಿತ್ತು, ಕತ್ತರಿಸಿ ಬಿಸಾಕಿದ್ದೆ. ಎಷ್ಟೇ ಬರಲಿ, ಅದರಲ್ಲಿ ಎರಡು ಕಳೀಬೇಕು."

"ಇದನ್ನ ಮೊದಲೇ ಹೇಳೋದಲ್ವೇನೇ?"

"ಹೇಳಿದ್ದೆ. ಆರು ವರ್ಷದ ಹಿಂದೆ. ಕಾರಲ್ಲಿ." ಅಕ್ಕ ಸೆರಗು ಸಿಕ್ಕಿಸಿದಳು. "ಹೂಂ ಅಂದ್ರಿ."

ಟೇಪು ಹಿಡಿದ ಕೈ ಮೆಲ್ಲಗೆ ಕಾರಿನಡಿಗೆ ಸರಿಯಿತು. ಆಮೇಲೆ ಸಣ್ಣ ದನಿಯೊಂದು ಕೇಳಿತು. "ಇನ್ನೂ ಏನೇನಕ್ಕೆ ಹೂಂ ಅಂದಿದೀನಿ?"

"ಅಡುಗೆಮನೆ ಕಿಟಕಿ ದೊಡ್ಡದು ಮಾಡಿಸೋಕೆ. ನಶ್ಯ ಬಿಡೋಕೆ, ಅದಕ್ಕಂತೂ ಹನ್ನೊಂದು ಸಲ. ಇನ್ನೊಂದಿದೆ, ಅದನ್ನ ಈಗ ಹೇಳಲ್ಲ. ಎದ್ದೇಳಿ, ಲೇತಿನವನು ಬಾಗಿಲು ಹಾಕ್ತಾನೆ."

ಎದ್ದದ್ದು ಮೂವರೂ. ಶಾಫ್ಟಿನ ಮುಂತುದಿ ಭಾವನ ಹೆಗಲಿಗೆ, ಹಿಂತುದಿ ನನ್ನ ಹೆಗಲಿಗೆ, ನಡುವೆ ಟೇಪು ಬೀಸುತ್ತ ಅಕ್ಕ. ಓಣಿಯಲ್ಲಿ ನಾವು ಓಡಿದ ಓಟಕ್ಕೆ ಒಣಹಾಕಿದ್ದ ಬಟ್ಟೆಗಳೆಲ್ಲ ಎರಡು ನಿಮಿಷ ನಮ್ಮ ಹಿಂದೆಯೇ ಹಾರಿ ಬಂದವು. ಲೇತಿನವನು ಬೀಗ ಹಾಕುತ್ತಿದ್ದ.

"ನಾಳೆ... ಅಲ್ಲ, ಸೋಮವಾರ ಬನ್ನಿ ಯಜಮಾನ್ರೇ."

ಅಕ್ಕ ಅವನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಈ ಅಂಗಿ ಹೊಲಿದಿದ್ದು ನಾನು ತಾನೇ? ನಾಳೆ ಮದುವೆಗೆ ಹಾಕ್ಕೊಳ್ಳೋದು ಇನ್ನೂ ನನ್ನ ಹತ್ರ ಇದೆ. ಒಂದು ತೋಳು ಬಾಕಿ."

ಬೀಗ ತೆರೆಯಿತು. ಎರಡಿಂಚು ಕತ್ತರಿಸಿದ್ದು ಅವನು, ಅಳತೆ ಹಿಡಿದದ್ದು ಅಕ್ಕ.

ಭಾನುವಾರ ಎಂಟು ಗಂಟೆಗೆ ಕಾರು ಬಾಗಿಲಿಗೆ ಬಂತು. ಅಕ್ಕ ಮುಂದೆ ಕೂತಳು. ಎಣ್ಣೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ. ಹೆದ್ದಾರಿಗೆ ಇಳಿದೆವು. ಎರಡು ಬಿತ್ತು. ಮೂರು ಬಿತ್ತು, ಹಳೆಯ ಬೊಬ್ಬೆ ಶುರುವಾಯಿತು. ಅಕ್ಕ ಬಸ್ ನಿಲ್ದಾಣದ ದಿಕ್ಕಿಗೆ ಕತ್ತು ತಿರುಗಿಸಿದಳು. ಭಾವನ ಕಿವಿಯ ಹಿಂದೆ ಬೆವರು ಇಳಿಯತೊಡಗಿತು.

ಆಗ ನಾಲ್ಕನೆಯದು ಬಿತ್ತು. ಯಾರೋ ಎಂಜಿನ್ನಿನ ಮೇಲೆ ಕಂಬಳಿ ಹೊದಿಸಿದಂತೆ ಎಲ್ಲ ತಣ್ಣಗಾಯಿತು. ನನ್ನ ಕೈಗಡಿಯಾರ ಟಿಕ್‌ಟಿಕ್ ಎನ್ನುವುದು ಕೇಳಿಸಿತು, ಅದು ಎರಡು ವರ್ಷದಿಂದ ಕೆಟ್ಟು ನಿಂತಿದ್ದರೂ.

"ಕೇಳಿಸ್ತಿದೆಯೇನ್ರೀ?" ಎಂದು ಅಕ್ಕ ಮೂವತ್ತೊಂದು ವರ್ಷದ ಅಭ್ಯಾಸದ ದನಿಯಲ್ಲೇ ಕೂಗಿದಳು. ರಸ್ತೆಯಂಚಿನಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಇಳಿದು ನಿಂತು, "ಕೇಳಿಸ್ತಮ್ಮಾ" ಎಂದ.

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ, ಸೂಜಿ ಕಚ್ಚಿಕೊಂಡಾಗಿನಷ್ಟೇ ಮೆಲ್ಲಗೆ ಹೇಳಿದಳು. "ನಾಲ್ಕು ವರ್ಷದ ಹಿಂದೆ ಒಂದು ಕೇಳಿದ್ದೆ. ನನಗೂ ಓಡಿಸೋಕೆ ಕಲಿಸ್ತೀರಾ ಅಂತ."

ಭಾವ ಹೂಂ ಎನ್ನಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಸುತ್ತಿ ಬಂದು ಅವಳ ಬಾಗಿಲು ತೆರೆದರು. ಅಕ್ಕ ಚೀಲದಿಂದ ಕಲಿಯುವವರ ಲೈಸೆನ್ಸು ತೆಗೆದಳು. ಅವಧಿ ಮುಗಿದಂತೆಲ್ಲ ಮಾಡಿಸಿದ ಏಳನೆಯದು.

ಮೊದಲ ಫರ್ಲಾಂಗಿನಲ್ಲಿ ಒಂದು ಬಸವನಹುಳು ನಮ್ಮನ್ನು ಹಿಂದೆ ಹಾಕಿತು. ಎರಡನೆಯದರಲ್ಲಿ ನಾವು ಅದನ್ನು ಹಿಡಿದೆವು. ಆಮೇಲೆ ಅಕ್ಕನ ಹೊಲಿಗೆ ಕಾಲು ಪೆಡಲಿನ ಗುಟ್ಟು ಹಿಡಿಯಿತು ನೋಡಿ, ಎಂಟೂ ಕಾಲಿನ ಬಸ್ಸು ಹಿಂದೆ ಬಿತ್ತು. ಅರ್ಧ ಬಸ್ಸು ಕೈಬೀಸಿತು. ನಾಲ್ಕನೆಯ ಗೇರು ಅವಳ ಕಾಲಿಗೂ ಬಿದ್ದಾಗ ಭಾವ ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದರು.

ಆ ನಿಶ್ಶಬ್ದದಲ್ಲಿ ಅಕ್ಕ ತಿರುಗಿಯೂ ನೋಡದೆ ಕೇಳಿದಳು. "ಹಿಂದೆ ಕೂತಿರೋನೇ, ಆ ಸ್ಟೀಲ್ ಟೇಪು ಯಾವಾಗ ವಾಪಸ್ ಕೊಡ್ತೀಯೋ?"

ನಾನು ಕಿಟಕಿಯಾಚೆ ನೋಡುತ್ತ, "ಹೂಂ" ಎಂದೆ.