ಚುಕ್ಕಿಯ ಕಾಲಿನ ಪಟ್ಟಿಗಳು

ಮೊನ್ನೆ ಪಕ್ಕದ ಮನೆಯಲ್ಲಿ ಹುರುಳಿ ಬೇಯಲಿಟ್ಟಿದ್ದರು. ಆ ಒಗರು ಒಗರಾದ, ಬಿಸಿ ಮಣ್ಣಿನಂಥ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಲಿದ್ದ ಪತ್ರಿಕೆ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಮನೆಯವರಿಗೆಲ್ಲ ಅದು ಸಾರಿನ ವಾಸನೆ. ನನಗೆ ಮಾತ್ರ ಅದು ಬಂಗಾರಪೇಟೆಯ ರೈಲು ಗೇಟಿನ ಆಚೆ, ನಾಡಹೆಂಚಿನ ಒಂದು ಸಣ್ಣ ಮನೆಯ ಪಕ್ಕದಲ್ಲಿ, ತೆಂಗಿನ ಗರಿ ಹೊದಿಸಿದ ಕುದುರೆ ಕೊಟ್ಟಿಗೆಯ ವಾಸನೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಏನು ಬಂದಿದೆಯೆಂದು ನೋಡಲು ನಾನು ಹೋಗಿಲ್ಲ. ನಿಮಗೂ ಅಂಥದೊಂದು ಜಾಗ ಇರಬಹುದು, ಹೋಗಿ ನೋಡದೆ ಇರುವುದರಿಂದಲೇ ಉಳಿದುಕೊಂಡಿರುವ ಜಾಗ.

ಅದು ನನ್ನ ಸೋದರತ್ತೆ ನಾರಾಯಣಮ್ಮನ ಮನೆ. ನಮ್ಮ ಊರು ಕಾಮಸಮುದ್ರದ ಕಡೆ. ನನಗೆ ಏಳು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ವರ್ಷ ತುಂಬುವುದರೊಳಗೆ ಅಪ್ಪ ಇನ್ನೊಂದು ಮದುವೆಯಾದ. ಚಿಕ್ಕಮ್ಮ ಕೆಟ್ಟವಳೇನಲ್ಲ, ಆದರೆ ಅವಳಿಗೆ ಬೇಗನೆ ಮಗುವಾಯಿತು, ಆ ಮನೆಯಲ್ಲಿ ನಾನು ಎಲ್ಲಿ ಕೂತರೂ ಯಾರದೋ ಕಾಲಿಗೆ ತೊಡರುತ್ತಿದ್ದೆ. ಅಷ್ಟರಲ್ಲಿ ಬಂಗಾರಪೇಟೆಯಲ್ಲಿ ಅತ್ತೆಯ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ‘ಒಂಟಿ ಹೆಂಗಸಿಗೆ ಜೊತೆಯಾಗಿರಲಿ, ಹಂಗೇ ಇಸ್ಕೂಲಿಗೂ ಹೋಗಲಿ’ ಎಂದು ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟ. ಅತ್ತೆ ನನ್ನನ್ನು ನೋಡಿ ನಗಲೂ ಇಲ್ಲ, ಅಳಲೂ ಇಲ್ಲ. ‘ಒಳಕ್ಕೆ ಬಾ ಅಮ್ಮಣ್ಣಿ’ ಎಂದಳು, ಅಷ್ಟೆ. ಅವಳು ಮಾತು ಕಡಿಮೆಯ ಹೆಂಗಸು. ಎರಡು ಎಮ್ಮೆ ಕಟ್ಟಿಕೊಂಡು, ಸ್ಟೇಷನ್ನಿನ ಬಳಿಯ ಹೋಟೆಲುಗಳಿಗೆ ಹಾಲು ಹಾಕಿ ಜೀವನ ಮಾಡುತ್ತಿದ್ದಳು. ಇಡೀ ದಿನದಲ್ಲಿ ನನ್ನೊಡನೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ಕೊಟ್ಟಿಗೆಯೊಳಗಿಂದ ಅವಳ ಗುಣುಗುಣು ಸದ್ದು ಬೆಳಗಿನಿಂದ ಕೇಳಿಸುತ್ತಲೇ ಇರುತ್ತಿತ್ತು. ಅಲ್ಲಿದ್ದದ್ದು ಚುಕ್ಕಿ.

ಚುಕ್ಕಿ ಮಾವನ ಜಟಕಾ ಗಾಡಿಯ ಕುದುರೆ, ಅತ್ತೆ ದಿನವೂ ಅದಕ್ಕೆ ಹುರುಳಿ ಬೇಯಿಸಿ ಹಾಕುತ್ತಿದ್ದಳು. ಕಂದು ಮೈ, ಹಣೆಯ ಮೇಲೆ ಕಾಸಿನಗಲದ ಬಿಳಿ ಮಚ್ಚೆ. ಹನ್ನೆರಡು ವರ್ಷ ಸ್ಟೇಷನ್ನಿಗೂ ಸುತ್ತಲ ಹಳ್ಳಿಗಳಿಗೂ ಓಡಾಡಿ ಅದರ ಕಾಲು ಸವೆದುಹೋಗಿತ್ತು. ಮುಂಗಾಲಿನ ಎರಡು ಮಂಡಿಗಳೂ ಸಣ್ಣ ಕುಂಬಳಕಾಯಿಗಳಂತೆ ಊದಿದ್ದವು. ಬೆಳಿಗ್ಗೆ ಎದ್ದು ನಿಲ್ಲುವುದಕ್ಕೆ ಅದು ಪಡುವ ಕಷ್ಟವನ್ನು ನೋಡಲಾಗುತ್ತಿರಲಿಲ್ಲ. ಮೊದಲು ಕುತ್ತಿಗೆ ಚಾಚುತ್ತಿತ್ತು, ಆಮೇಲೆ ಒಂದು ಕಾಲು ಊರಿ ನಡುಗುತ್ತ ನಿಂತು, ಇನ್ನೊಂದನ್ನು ಎತ್ತಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮಾವನ ತಮ್ಮ ಮುನಿಶಾಮಿ ಬಂದಾಗಲೆಲ್ಲ ಒಂದೇ ಮಾತು. ‘ಸಾಕು ಬಿಡು ಅತ್ಗೆ. ಸಂತೆ ಬಯಲ್ನಾಗೆ ಬಿಟ್ಟು ಬತ್ತೀನಿ. ಎಲ್ರೂ ಅಂಗೇ ಮಾಡದು.’ ಮುದಿಯಾದ ಗಾಡಿ ಕುದುರೆಗಳನ್ನು ಆಗ ಹಾಗೆಯೇ ಬಿಡುತ್ತಿದ್ದರು. ಅವು ರಸ್ತೆಯ ನಡುವೆ ನಿಂತು ನಿಂತು ಒಂದು ದಿನ ಕಾಣೆಯಾಗುತ್ತಿದ್ದವು. ಅತ್ತೆ ಎಮ್ಮೆಗೆ ಹುಲ್ಲು ಹಾಕಲು ಎದ್ದುಹೋಗುತ್ತಿದ್ದಳು.

ಒಂದು ದಿನ ನಾವಿಬ್ಬರೂ ಚುಕ್ಕಿಯನ್ನು ಮೆಲ್ಲಗೆ ನಡೆಸಿಕೊಂಡು ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು. ಮಂಡಿಯನ್ನು ಬಗ್ಗಿಸಿ ನೋಡಿ, ಕೀಲು ಸವೆದಿದೆಯಮ್ಮಾ, ಇದಕ್ಕೆ ಮದ್ದಿಲ್ಲ, ನೋವಿಲ್ಲದಂತೆ ಕಳಿಸಿಕೊಡುವ ಸೂಜಿ ಒಂದಿದೆ, ಯೋಚನೆ ಮಾಡಿ ಬಾ ಎಂದರು. ಹಿಂದಿರುಗುವಾಗ ಸ್ಟೇಷನ್ನಿನ ಮುಂದೆ ಚುಕ್ಕಿ ನಿಂತೇಬಿಟ್ಟಿತು. ಎಳೆದರೂ ಬರಲಿಲ್ಲ. ಬಸ್ಸಿನವನು ಹಾರನ್ ಹೊಡೆದ, ಜನ ಬೈದರು, ಅತ್ತೆ ಹಗ್ಗ ಹಿಡಿದು ತಲೆ ತಗ್ಗಿಸಿ ನಿಂತಳು. ಆಗ ಸ್ಟೇಷನ್ನಿನೊಳಗಿಂದ ಖಾಕಿ ಕೋಟಿನ ಮುದುಕನೊಬ್ಬ ಬಂದು, ಯಾರನ್ನೂ ಕೇಳದೆ ಕುದುರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮಂಡಿಯನ್ನು ಮುಟ್ಟಿ ನೋಡಿದ. ‘ಬೆಂಕಿ ಐತೆ ತಾಯಿ ಒಳಗೆ. ಇದನ್ನ ನಡೆಸ್ಬಾರ್ದು ಈವಾಗ. ತಣ್ಣೀರು ಎಲ್ಲೈತೆ?’ ಎಂದ.

ಆತ ಆರೋಗ್ಯಂ ತಾತ. ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗ ಗಣಿಯ ಇಂಗ್ಲಿಷ್ ದೊರೆಗಳ ಲಾಯದಲ್ಲಿ ನಲವತ್ತು ವರ್ಷ ಕುದುರೆ ನೋಡಿಕೊಂಡವನು. ಗಣಿ ಸರ್ಕಾರದ ಕೈಗೆ ಬಂದಮೇಲೆ ದೊರೆಗಳು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಅವತ್ತು ತನ್ನ ಕೊನೆಯ ದೊರೆಯನ್ನು ಮದ್ರಾಸಿನ ರೈಲು ಹತ್ತಿಸಿ ಆಚೆ ಬಂದಿದ್ದ. ಲಾಯ ಖಾಲಿಯಾಗಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಅವನ ಕೈಗೆ ಕೆಲಸವಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಕೋಲಾರ ಚಿನ್ನದ ಗಣಿಯ ರೈಲು ಹಿಡಿದು ಬರುತ್ತಿದ್ದ. ನಮ್ಮೊಡನೆ ಕನ್ನಡ, ಬೀದಿಯವರೊಡನೆ ತೆಲುಗು, ಕುದುರೆಯೊಡನೆ ಮಾತ್ರ ತಮಿಳು. ಮೊದಲ ವಾರ ಕೊಟ್ಟಿಗೆಯ ಕಲ್ಲುಚಪ್ಪಡಿ ಕೀಳಿಸಿ ಕೆರೆಯ ಮರಳು ಹಾಸಿಸಿದ. ಎರಡನೆಯ ವಾರ ಲಾಳ ಕಟ್ಟುವವನನ್ನು ಕರೆಸಿ ಗೊರಸಿನ ಮುಂತುದಿಯನ್ನು ತಾನೇ ನಿಂತು ತೇಯಿಸಿದ. ಊತ ಬಿಸಿಯಾಗಿದ್ದ ದಿನ ತಣ್ಣೀರು ಮತ್ತು ಕೆರೆಯ ಜೇಡಿಮಣ್ಣು. ಊತ ಆರಿ ಕೀಲು ಬಿಗಿದ ದಿನ ಲಕ್ಕಿಸೊಪ್ಪು ಕುದಿಸಿದ ಬಿಸಿನೀರಿನ ಶಾಖ, ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿದ ಎಕ್ಕದ ಎಲೆ, ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಪಟ್ಟಿ. ಪಟ್ಟಿಗೆ ಅತ್ತೆ ಮಾವನ ಹಳೆಯ ಪಂಚೆಗಳನ್ನು ಹರಿದಳು. ತಾತ ದೊರೆಗಳ ಲಾಯದಲ್ಲಿ ಉಳಿದಿದ್ದ ಉಣ್ಣೆಪಟ್ಟಿಗಳನ್ನೂ ತಂದುಕೊಟ್ಟ. ‘ಬಿಗೀಬಾರ್ದು ತಾಯಿ. ಎಳ್ಡು ಬೆಳ್ಳು ಒಳಗೋಗ್ಬೇಕು. ಒಂದು ಕಾಲು ನೋವಂತ ಒಂದಕ್ಕೇ ಕಟ್ಟಿದ್ರೆ ಇನ್ನೊಂದು ಕಾಲು ಅದರ ಭಾರಾನೂ ಹೊತ್ತು ಸಾಯ್ತದೆ. ಎಳ್ಡಕ್ಕೂ ಕಟ್ಟು’ ಎಂದು ಹೇಳಿಕೊಟ್ಟ. ದಿನಕ್ಕೆರಡು ಸಲ ಬಿಚ್ಚಿ, ಕಾಲು ನೀವಿ, ಗಾಳಿಯಾಡಿಸಿ, ಮತ್ತೆ ಕಟ್ಟಬೇಕು. ತೊಳೆದು ಒಣಹಾಕಿದ ಪಟ್ಟಿಗಳು ನಮ್ಮ ಬೇಲಿಯುದ್ದಕ್ಕೂ ಹಾರಾಡುತ್ತಿದ್ದವು.

ಒಂದು ಭಾನುವಾರ ತಾತ ಪಟ್ಟಿ ಸುತ್ತುತ್ತಲೇ ಕೇಳಿದ, ‘ಕೇಳ್ತೀನಂತ ಬೇಜಾರ್ ಮಾಡ್ಕಬೇಡ ತಾಯಿ. ಇದಿನ್ನು ಗಾಡಿಗಾಗಲ್ಲ. ಯಾಕಿಟ್ಕೊಂಡಿದೀಯ?’

ಅತ್ತೆ ಇನ್ನೊಂದು ಪಟ್ಟಿಯ ಸುರುಳಿ ಬಿಡಿಸಿ ತಾತನ ಕೈಗೆ ಕೊಟ್ಟಳು. ಆಮೇಲೆ ಹೇಳಿದಳು. ‘ಅವತ್ತು ನಮ್ಮೆಜಮಾನ್ರು ಬೆಳಗಿನ ರೈಲಿಗೆ ಬಾಡಿಗೆ ಓಗಿದ್ರು. ಬರೋವಾಗ ಒಬ್ರೇ. ದಾರೀಲೇ ಜೀವ ಓಗೈತೆ. ಇದು ಒಂದು ಕಿತಾನೂ ಕುಲುಕಿಲ್ಲ, ಎಲ್ಲೂ ನಿಂತಿಲ್ಲ. ಮೆಲ್ಲಕೆ ತಂದು ಬಾಗ್ಲ ಮುಂದೆ ನಿಲ್ಸೈತೆ. ನಾನು ಒಳಗೆ ರಾಗಿ ಕೇರ್ತಿದ್ದೆ. ಇಳೀಬಾರ್ದಾ, ಮುದ್ದೆ ಆರೋಗ್ತದೆ, ಅಂತ ಒಳಗಿಂದ್ಲೇ ಬೈತಿದ್ದೆ ದೊಡ್ಡೋರೇ. ಎಷ್ಟೊತ್ತು ಬೈದೆನೋ. ಇದು ಬಿಸ್ಲಲ್ಲಿ ಅಂಗೇ ನಿಂತಿತ್ತು, ಕಾಲು ಸೈತ ಎತ್ತಿಡ್ದೆ.’

ತಾತ ಸುತ್ತಿದ ಪಟ್ಟಿಯ ತುದಿಯನ್ನು ಮಡಿಸಿ ಒಳಕ್ಕೆ ಸೇರಿಸಿದ, ಅಷ್ಟೆ. ಮೊದಲ ದಿನ ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟದ್ದು ತೆಂಗಿನ ಚಿಪ್ಪಿನಲ್ಲಿ. ಆ ಕಾಲದಲ್ಲಿ ಅವನಂಥವರಿಗೆ ಎಲ್ಲರೂ ಕೊಡುತ್ತಿದ್ದದ್ದು ಹಾಗೆಯೇ. ಈ ಮಾತಾಡಿದ ದಿನ ಮಾತ್ರ ಒಳಗೆ ಹೋದವಳು ಮಾವನ ಹಿತ್ತಾಳೆ ಲೋಟ ತಂದಳು. ಎದುರುಮನೆಯ ಜಗಲಿಯಿಂದ ಅದನ್ನು ನೋಡಿದವರಿದ್ದರು.

ಇಷ್ಟೆಲ್ಲದರ ನಡುವೆ ನನಗೆ ಚುಕ್ಕಿಯ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಶಾಲೆಯಲ್ಲಿ ನನಗೆ ಗೆಳತಿಯರಿರಲಿಲ್ಲ. ಅಪ್ಪ ಯುಗಾದಿಗೊಮ್ಮೆ ಬಂದರೆ ಬಂದ. ಅತ್ತೆಯ ಕೈಗಳು ಆ ಕುದುರೆಯ ಕಾಲುಗಳನ್ನು ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ನೀವುವುದನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಚಾಪೆಯಿಂದ ಏಳಲೇ ಇಲ್ಲ. ಮಂಡಿ ನೋವು ಎಂದೆ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದಳು. ಬೈಯಲಿಲ್ಲ. ಒಲೆಯ ಮುಂದೆ ಎಲೆ ಬಾಡಿಸಿ ತಂದು, ಮಂಡಿಗೆ ಎಣ್ಣೆ ಸವರಿ, ಹತ್ತಿ ಇಟ್ಟು, ಎರಡು ಕಾಲಿಗೂ ಪಟ್ಟಿ ಸುತ್ತಿ, ಎರಡು ಬೆರಳು ತೂರಿಸಿ ನೋಡಿದಳು. ‘ಬಿಗಿ ಆಯ್ತಾ?’ ಎಂದಳು. ಇಲ್ಲವೆಂದೆ. ಅವತ್ತು ಶಾಲೆಗೆ ಹೋಗೆಂದು ಅವಳು ಹೇಳಲಿಲ್ಲ. ಮಧ್ಯಾಹ್ನ ಪಟ್ಟಿ ಬಿಚ್ಚುವಾಗ, ‘ನೋವು ಬಂದ್ರೆ ನಂಗೆ ಹೇಳು ಅಮ್ಮಣ್ಣಿ, ಸುಳ್ಳು ನೋವಾದ್ರೂ ಹೇಳು’ ಎಂದಳು. ಅವ್ವ ಹೋದಮೇಲೆ ನಾನು ಬಾಯಿಬಿಟ್ಟು ಅತ್ತದ್ದು ಆಗಲೇ.

ಆರೇಳು ತಿಂಗಳಲ್ಲಿ ಚುಕ್ಕಿ ಚೇತರಿಸಿಕೊಂಡಿತು. ಬೆಳಿಗ್ಗೆ ಕೆರೆಗೆ ನಡೆದು, ಎದೆಮಟ್ಟದ ನೀರಿನಲ್ಲಿ ಕಣ್ಣು ಅರೆಮುಚ್ಚಿ ನಿಲ್ಲುತ್ತಿತ್ತು. ಒಂದು ಸಲ ರೈಲಿನ ಕೂಗು ಕೇಳಿ, ಹಳೆಯ ಅಭ್ಯಾಸಕ್ಕೆ, ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಓಡಿಯೇಬಿಟ್ಟಿತು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ನಗುವುದನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ಬೀದಿಯ ಬಾಯಿ ಸುಮ್ಮನಿರಲಿಲ್ಲ. ಒಂದು ಭಾನುವಾರ ಮುನಿಶಾಮಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ತಾತ ಜಗಲಿಯ ಕೆಳಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ‘ಏನ್ಲಾ ಮುದ್ಕಾ, ವಾರ ವಾರ ಬತ್ತೀಯಲ್ಲ, ನೋವು ಕುದ್ರೆಗಾ ನಿನಗಾ?’ ಎಂದ. ಜೊತೆಗಿದ್ದವರು ನಕ್ಕರು. ತಾತ ಎದ್ದು ಲೋಟ ತೊಳೆದು ಜಗಲಿಯ ಮೇಲೆ ಬೋರಲು ಹಾಕಿದ. ಕೋಟು ಕೊಡವಿ ಹಾಕಿಕೊಂಡ. ಅತ್ತೆಯ ಕಡೆ ನೋಡದೆ ನಡೆದುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅತ್ತೆ ಒಬ್ಬಳೇ ಪಟ್ಟಿ ಕಟ್ಟಿದಳು. ಚಳಿಗಾಲ ಬಂತು. ಚುಕ್ಕಿಯ ಕೀಲುಗಳು ಮತ್ತೆ ಬಿಗಿದವು.

ಪುಷ್ಯಮಾಸದಲ್ಲಿ ಒಂದು ದಿನ ಅತ್ತೆ ನನ್ನನ್ನು ಕರೆದುಕೊಂಡು ರೈಲು ಹತ್ತಿದಳು. ಆಂಡರ್ಸನ್‌ಪೇಟೆಯಲ್ಲಿ ವಿಚಾರಿಸಿ, ಅಲ್ಲಿಂದ ನಂದಿದುರ್ಗ ಗಣಿ ಕಾರ್ಮಿಕರ ಸಾಲುಮನೆಗಳಾದ ಕೂಲಿ ಲೈನುಗಳನ್ನು ಹುಡುಕಿಕೊಂಡು ಹೋದೆವು. ತಾತ ತಂಗಿಯ ಮಗನ ಮನೆಯ ಹಿಂದೆ, ತಗಡಿನ ಮಾಡಿನ ಕೆಳಗೆ, ಗೋಣಿಚೀಲದ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ನಮ್ಮನ್ನು ಕಂಡು ಏಳಲು ಹೋದ, ಆಗಲಿಲ್ಲ. ಪಂಚೆ ಸರಿದಾಗ ಅವನ ಮಂಡಿಗಳು ಕಂಡವು. ಚುಕ್ಕಿಯ ಮಂಡಿಗಳಂತೆಯೇ ಊದಿ ಹೊಳೆಯುತ್ತಿದ್ದವು. ನಲವತ್ತು ವರ್ಷ ಮುಂಜಾವದ ಚಳಿಯಲ್ಲಿ ತಣ್ಣೀರು ಹೊಯ್ದು ಕುದುರೆ ತೊಳೆದ ಕಾಲುಗಳು.

‘ಯಾರಿಗಾದ್ರೂ ಹೇಳಿ ಕಟ್ಟಿಸ್ಕಬಾರ್ದಾ?’ ಎಂದಳು ಅತ್ತೆ.

‘ಯಾರು ಕಟ್ತಾರೆ ತಾಯಿ. ಇವರಿಗೆಲ್ಲ ಶಿಫ್ಟು’ ಎಂದ ತಾತ.

ಅತ್ತೆ ಮನೆಯವರಿಂದ ಕೆಂಡ ಕೇಳಿ ತಂದಳು. ನನ್ನನ್ನು ಬೇಲಿಗೆ ಓಡಿಸಿ ಎಕ್ಕದ ಎಲೆ ಕೀಳಿಸಿದಳು. ತನ್ನ ಸೆರಗಿನ ಅಂಚನ್ನೇ ಹರಿದಳು. ಲೈನಿನ ಹೆಂಗಸರೆಲ್ಲ ಬಂದು ಸುತ್ತ ನಿಂತರು. ಬೇಡ ತಾಯಿ, ಬೇಡ, ನೋಡ್ತಾರೆ ಎಂದು ತಾತ ಕಾಲು ಎಳೆದುಕೊಳ್ಳಲು ನೋಡಿದ. ‘ನೋಡ್ಲಿ. ಕುದ್ರೆ ಕಾಲು ಕಟ್ಟೋಳಿಗೆ ಮನುಸರ ಕಾಲು ಕಟ್ಟಾಕೆ ಏನು ನಾಚ್ಕೆ’ ಎಂದು ಅತ್ತೆ ಅವನ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಎರಡು ಕಾಲಿಗೂ ಕಟ್ಟಿದಳು. ತಾತ ಕೊನೆಯವರೆಗೂ ಚಿನ್ನ ತೆಗೆದ ಮಣ್ಣು ಸುರಿದ ಗಣಿಯ ಸಯನೈಡ್ ದಿಬ್ಬದ ಕಡೆಗೇ ಮುಖ ಮಾಡಿದ್ದ.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಚುಕ್ಕಿ ಏಳಲಿಲ್ಲ. ಕುತ್ತಿಗೆ ಚಾಚಿ, ಅತ್ತೆಯ ಮಡಿಲಿಗೆ ತಲೆ ಕೊಟ್ಟು, ಬಿಸಿಲು ಏರುವಷ್ಟರಲ್ಲಿ ಉಸಿರು ಬಿಟ್ಟಿತು. ಗಣಿಗೆ ಹೋಗುವ ಹಾಲಿನವನ ಕೈಲಿ ಅತ್ತೆ ತಾತನಿಗೆ ಹೇಳಿಕಳಿಸಿದಳು. ಅಷ್ಟರಲ್ಲಿ ಮುನಿಶಾಮಿ ಹಗ್ಗ, ಗಾಡಿ, ಆಳುಗಳೊಡನೆ ಬಂದು ಅವಸರ ಮಾಡುತ್ತಿದ್ದ. ಅತ್ತೆ ಎದ್ದು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು, ‘ದೊಡ್ಡೋರು ಬರೋಗಂಟ ಯಾರೂ ಮುಟ್ಟಂಗಿಲ್ಲ’ ಎಂದಳು. ಅವಳ ದನಿ ಏರಿದ್ದನ್ನು ಆ ಬೀದಿ ಕೇಳಿದ್ದು ಅದೊಂದೇ ಸಲ.

ಮಧ್ಯಾಹ್ನದ ರೈಲಿಗೆ ತಾತ ಬಂದ. ಸ್ಟೇಷನ್ನಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅವನಿಗೆ ಅದು ಒಂದು ಗಂಟೆಯಾಗಿತ್ತು. ಕೋಲೂರಿಕೊಂಡು, ನಡುನಡುವೆ ನಿಂತು, ಬೀದಿಯ ಎರಡೂ ಕಡೆಯ ಜಗಲಿಗಳ ನಡುವೆ ನಡೆದುಬಂದ. ಯಾರೂ ನಗಲಿಲ್ಲ. ಮುನಿಶಾಮಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ತಾತ ಮರಳಿನ ಮೇಲೆ ಕಷ್ಟಪಟ್ಟು ಕೂತು ಚುಕ್ಕಿಯ ಹಣೆ ಮುಟ್ಟಿದ. ‘ಕಟ್ಟು ಬಿಚ್ಚಿ ಕಳಿಸ್ಬೇಕು ತಾಯಿ. ಅಲ್ಲಾದ್ರೂ ಓಡ್ಲಿ’ ಎಂದ. ಒಂದು ಕಾಲಿನದನ್ನು ಅವನು, ಇನ್ನೊಂದು ಕಾಲಿನದನ್ನು ಅತ್ತೆ, ಅವಸರವಿಲ್ಲದೆ ಬಿಚ್ಚಿದರು. ಬಿಚ್ಚಿದಂತೆ ಬಿಚ್ಚಿದಂತೆ, ನಾಳೆ ಮತ್ತೆ ಬೇಕಾಗುತ್ತದೆಯೇನೋ ಎಂಬಂತೆ, ಒಪ್ಪವಾಗಿ ಸುರುಳಿ ಸುತ್ತಿಟ್ಟರು.

ಆರೋಗ್ಯಂ ತಾತ ಆ ಮಳೆಗಾಲ ಕಳೆಯಲಿಲ್ಲ. ಸುದ್ದಿ ನಮಗೆ ಬಂದದ್ದು ಮಣ್ಣು ಮಾಡಿದ ಮೂರನೆಯ ದಿನ. ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಅತ್ತೆಯ ಜೊತೆಯಲ್ಲಿದ್ದೆ, ಆಮೇಲೆ ಮದುವೆಯಾಗಿ ದೂರ ಹೋದೆ. ಅತ್ತೆಯೂ ತೀರಿಕೊಂಡಳು. ಅವರಿಬ್ಬರ ಒಂದು ಪಟವೂ ಎಲ್ಲೂ ಇಲ್ಲ.

ಚುಕ್ಕಿಯನ್ನು ಕೆರೆಯ ಹಿಂದೆ ಹೂತ ಮಾರನೆಯ ಬೆಳಿಗ್ಗೆ, ನಾನು ಎದ್ದು ನೋಡಿದಾಗ ಅತ್ತೆ ಚಾಪೆಯ ಮೇಲಿರಲಿಲ್ಲ. ಒಲೆ ಉರಿಯುತ್ತಿತ್ತು. ಅವಳು ಅಭ್ಯಾಸಬಲದಿಂದ ಎಲೆಗಳಿಗೆ ಎಣ್ಣೆ ಸವರಿ ಬಾಡಿಸಿ, ಎರಡು ಕೈಗಳಲ್ಲೂ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿದ್ದಳು. ಮರಳಿನ ಮೇಲೆ ಕುದುರೆ ಮಲಗಿದ್ದ ಗುರುತು ಇನ್ನೂ ಇತ್ತು. ನಾನು ಅವಳನ್ನು ಕರೆಯಲಿಲ್ಲ. ಎಲೆಗಳ ಹಬೆ ಸಣ್ಣಗೆ ಏಳುತ್ತಿತ್ತು. ಅವು ಪೂರ್ತಿ ಆರುವವರೆಗೂ ಅತ್ತೆ ಅಲ್ಲೇ ನಿಂತಿದ್ದಳು.